ಎರೆ ಮಣ್ಣಿನ ಓಟ

ದೀಪಾಲಿ,

ಈ ಪತ್ರ ನಿನಗೆ ಕಳಿಸುವ ಧೈರ್ಯ ನನಗಿಲ್ಲ. ನಿನ್ನೆ ಅಕ್ಕಲಕೋಟದ ಕಡೆಯ ಐವತ್ತು ಕಿಲೋಮೀಟರಿನ ಓಟಕ್ಕೆ ಮತ್ತೆ ಹೋಗಿದ್ದೆ, ಈ ಸಲ ಒಬ್ಬಳೇ. ಎರೆ ಮಣ್ಣಿನ ಕಪ್ಪು ಅಂಟು ಕೆಸರು ಬೂಟಿಗೆ ಸೇರುಗಟ್ಟಲೆ ಮೆತ್ತಿಕೊಂಡಿತ್ತು. ಕಬ್ಬಿನ ಹೊಲದ ಬದುವಿನಲ್ಲಿ ಜಾರಿ ಬಿದ್ದು ಕಾಲು ಉಳುಕಿತು, ಏಳಲಾಗಲಿಲ್ಲ. ಹಿಂದೆ ಓಡಿಬರುತ್ತಿದ್ದ ಅಪರಿಚಿತ ಹೆಂಗಸೊಬ್ಬಳು ನನ್ನ ಪಕ್ಕ ಕೆಸರಿನಲ್ಲೇ ಕೂತಳು.

"ನೀವು ಹೋಗ್ರಿ, ಟೈಮ್ ಮುಗೀತದ," ಎಂದೆ.

"ಹೋಗ್ರಿ ಅಂದ್ರ ಬಿಟ್ಟು ಹೋಗಾಕ ಬರ್ತದೇನ್ರಿ, ಅಕ್ಕಾರ?" ಎನ್ನುತ್ತ ನನ್ನ ಬೂಟಿನ ಲೇಸ್ ಬಿಚ್ಚಿದಳು.

ಹೋದ ವರ್ಷ ಇದೇ ಓಟದಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ ನೀನು, "ನೀ ಮುಂದ ಹೋಗು, ಶುಭಾ," ಅಂದಿದ್ದೆ. ನಾನು ಹೋದೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಪದಕ ಸಿಕ್ಕಿತೆಂದು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ ಹಾಕಿದೆ. ನಿನ್ನ ಕಾಲು ಹೇಗಿದೆಯೆಂದು ಇವತ್ತಿಗೂ ಕೇಳಿಲ್ಲ.

ಶುಭಾಂಗಿ