ಚಾಲಕನ ಜೊತೆ ನಡೆದ ವರ್ಷ

ಪ್ರೀತಿಯ ಅಣ್ಣನಿಗೆ,

ನೀವು ಹೋದ ಮೇಲೆ ಒಂದು ಚಳಿಗಾಲ ಬಂದು ಹೋಯಿತು. ಹೋದವರಿಗೆ ಪತ್ರ ಬರೆಯುವುದು ಹುಚ್ಚು ಎಂದು ನನಗೂ ಗೊತ್ತು. ಆದರೆ ವರ್ಷಗಟ್ಟಲೆ ನಿಮ್ಮ ಬೆನ್ನು ನೋಡಿಕೊಂಡೇ ಬದುಕಿದವಳು ನಾನು. ಎದುರಿಗೆ ಮುಖ ಕಾಣದಿದ್ದರೆ ನನ್ನ ಮಾತೇನೂ ನಿಲ್ಲುವುದಿಲ್ಲ. ನೀವು ಸ್ಟೀರಿಂಗ್ ಹಿಡಿದು ಕೂತವರು, ನಾನು ಟಿಕೆಟ್ ಕೊಡುತ್ತಾ ಹಿಂದೆ ಮುಂದೆ ಓಡಾಡಿದವಳು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟದಿದ್ದರೇನು, ಒಂದೇ ಬಸ್ಸಿನ ಹೊಟ್ಟೆಯಲ್ಲಿ ಅರ್ಧ ಆಯುಷ್ಯ ಕಳೆದಿದ್ದೀವಲ್ಲ ಎಂದು ನೀವೇ ಹೇಳುತ್ತಿದ್ದಿರಿ.

ನಾನು ಕೆಲಸಕ್ಕೆ ಸೇರಿದ ದಿನ ಡಿಪೋದಲ್ಲಿ ಯಾವ ಡ್ರೈವರೂ ನನ್ನನ್ನು ಕರೆದುಕೊಂಡು ಹೋಗಲು ತಯಾರಿರಲಿಲ್ಲ. ಗಂಡ ಬಿಟ್ಟುಹೋದವಳು ಎನ್ನುವ ಸುದ್ದಿ ನನಗಿಂತ ಮೊದಲೇ ಗೇಟು ದಾಟಿ ಒಳಗೆ ಬಂದಿತ್ತು. ನೀವು ಕ್ಯಾಂಟೀನಿನಿಂದ ಬಾಯಿ ಒರೆಸಿಕೊಳ್ಳುತ್ತಾ ಬಂದಿರಿ. "ಬಾರಮ್ಮ. ನೀನು ಸೀಟಿ ಊದು, ನಾನು ಓಡಿಸ್ತೀನಿ. ಇಬ್ಬರಲ್ಲಿ ಒಬ್ಬರು ಮುನಿಸಿಕೊಂಡ್ರೂ ಬಸ್ಸು ನಿಂತಲ್ಲೇ ನಿಲ್ಲುತ್ತೆ, ಅಷ್ಟು ನೆನಪಿಟ್ಟುಕೋ" ಎಂದಿರಿ. ಅಷ್ಟೇ. ಅಂದಿನಿಂದ ನಮ್ಮ ನಡುವೆ ಒಂದು ಸೀಟಿ ಎಂದರೆ ನಿಲ್ಲಿಸಿ, ಎರಡು ಎಂದರೆ ಹೊರಡಿ. ಅದಕ್ಕಿಂತ ಹೆಚ್ಚು ಮಾತಿಗೆ ಜಾಗವಿರಲಿಲ್ಲ. 'ಚಾಲಕನೊಂದಿಗೆ ಮಾತನಾಡಬೇಡಿ' ಎಂದು ನಿಮ್ಮ ತಲೆಯ ಮೇಲೇ ಬರೆದಿತ್ತಲ್ಲ.

ನಿಮ್ಮ ಊಟ ತಿಂಡಿ ನೆನೆದರೆ ಈಗಲೂ ಸಂಕಟವಾಗುತ್ತದೆ ಅಣ್ಣಾ. ಬೆಳಿಗ್ಗೆ ಹೊರಡುವ ಮುಂಚೆ ಸಕ್ಕರೆ ಪಾಕದಂಥ ಟೀ. ಡ್ಯಾಶ್‌ಬೋರ್ಡಿನ ಮೇಲೆ ಪೇಪರಿನಲ್ಲಿ ಸುತ್ತಿದ ಕರಿದ ತಿಂಡಿ. ಸಿಗ್ನಲ್ ಕೆಂಪಾದಾಗ ಒಂದು ತುತ್ತು, ಹಸಿರಾದಾಗ ಅಗಿಯುತ್ತಲೇ ಗೇರ್ ಹಾಕುವುದು. ನೀರು ಮಾತ್ರ ಮುಟ್ಟುತ್ತಿರಲಿಲ್ಲ. ಕೊನೆಯ ಸ್ಟಾಪಿನಲ್ಲಿ ಶೌಚಾಲಯವೆಂದು ಇದ್ದದ್ದು ಬೀಗ ಹಾಕಿದ ಒಂದು ತಗಡಿನ ಬಾಗಿಲು. ಹಾಗಾಗಿ ನೀವೂ ಕುಡಿಯುತ್ತಿರಲಿಲ್ಲ, ನಾನೂ ಕುಡಿಯುತ್ತಿರಲಿಲ್ಲ. ಇಂಜಿನ್ನಿನ ಕಾವು ಪಾದದಿಂದ ಏರಿ ಬೆನ್ನಿನಲ್ಲಿ ಬೆವರಾಗಿ ಇಳಿಯುತ್ತಿತ್ತು. ಮನೆ ಸೇರಿದ ಮೇಲೆ ಇಡೀ ದಿನದ ಹಸಿವನ್ನು ಒಂದೇ ತಟ್ಟೆಯಲ್ಲಿ ತೀರಿಸಿ, ಕೈ ತೊಳೆದ ನೀರು ಆರುವ ಮೊದಲೇ ಹಾಸಿಗೆ. ಹೊಟ್ಟೆ ಸ್ಟೀರಿಂಗಿಗೆ ತಾಗಲು ಶುರುವಾದಾಗ ಮೆಕ್ಯಾನಿಕ್ ಕೆಣಕಿದ. ನೀವು ಹೊಟ್ಟೆ ತಟ್ಟಿಕೊಂಡು, "ಇದು ಹೊಟ್ಟೆ ಅಲ್ಲ ಮಾರಾಯ, ಎರಡನೇ ಹ್ಯಾಂಡ್‌ಬ್ರೇಕು" ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದೇ ಬಸ್ಸು, ಅದೇ ಕ್ಯಾಂಟೀನು, ಅದೇ ದೂಳು. ಆದರೂ ನನಗೆ ಸಂಜೆ ಕಾಲು ನೋಯುತ್ತಿತ್ತು ಅಷ್ಟೇ. ನಿಮಗೆ ಒಳಗೊಳಗೇ ಏನೋ ಕಟ್ಟಿಕೊಳ್ಳುತ್ತಿತ್ತು. ನಾನು ದಿನವಿಡೀ ನಡೆಯುತ್ತಿದ್ದೆ, ನೀವು ದಿನವಿಡೀ ಕೂತಿರುತ್ತಿದ್ದಿರಿ. ವ್ಯತ್ಯಾಸ ಅಷ್ಟೇ ಎಂದು ಆಮೇಲೆ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದಾಗ ನನಗೆ ನಂಬಲು ಕಷ್ಟವಾಯಿತು.

ಒಂದು ಮಧ್ಯಾಹ್ನ ಮೇಲ್ಸೇತುವೆ ಹತ್ತುವಾಗ ಬಸ್ಸು ಕಿಕ್ಕಿರಿದಿತ್ತು. ಸೀಟಿ ಇಲ್ಲದೆಯೇ ನೀವು ನಿಧಾನ ಮಾಡಿ, ಎಡಕ್ಕೆ ತಂದು, ನಿಲ್ಲಿಸಿದಿರಿ. ಯಾರೋ ಹಿಂದಿನಿಂದ "ಏನ್ರೀ ಇಲ್ಲಿ ನಿಲ್ಲಿಸಿದ್ರಿ, ನಮಗೆ ಲೇಟಾಗುತ್ತೆ" ಎಂದು ಕೂಗಿದರು. ನೀವು ತಿರುಗಿ ನೋಡಿದಿರಿ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ತಂಗಿ, ಎಲ್ಲರನ್ನೂ ಇಳಿಸು. ನನ್ನ ಕೈಲಿ ಆಗ್ತಿಲ್ಲ" ಎಂದಿರಿ. ನಿಮ್ಮ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಕೂಗಿದ ಆ ಮನುಷ್ಯನೇ ನಿಮ್ಮ ಕಂಕುಳಿಗೆ ಕೈಕೊಟ್ಟು ಇಳಿಸಿ, ಹಿಂದೆ ಬರುತ್ತಿದ್ದ ಕಾರೊಂದನ್ನು ಅಡ್ಡಗಟ್ಟಿ ಆಸ್ಪತ್ರೆಗೆ ಕಳಿಸಿದ್ದು.

ಹೃದಯದ ರಕ್ತನಾಳಕ್ಕೆ ಸ್ಪ್ರಿಂಗ್ ಹಾಕಿದರು. ಎಚ್ಚರವಾದ ಮೇಲೆ ನೀವು ಮೊದಲು ಆಡಿದ ಮಾತು, "ಸ್ಪೇರ್ ಪಾರ್ಟ್ ಹಾಕಿದ್ರಂತೆ, ಕಂಪನಿದೋ ಲೋಕಲ್ಲೋ ಕೇಳು." ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡು ಅತ್ತರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಮಾತ್ರ ಕಡ್ಡಿ ಮುರಿದ ಹಾಗೆ. ಮಾತ್ರೆ ಅರ್ಧ ಕೆಲಸ ಮಾಡುತ್ತೆ, ಉಳಿದರ್ಧ ನಿಮ್ಮ ಕಾಲು ಮಾಡಬೇಕು, ನಿಮ್ಮ ತಟ್ಟೆ ಮಾಡಬೇಕು ಎಂದಳು. ದಿನಾ ಬೆಳಿಗ್ಗೆ ಬಯಲಲ್ಲಿ ನಡೆಯಬೇಕು. ಉಪ್ಪು, ಎಣ್ಣೆ, ಸಕ್ಕರೆ ಇಳಿಸಬೇಕು. ಹೊತ್ತಿಗೆ ಸರಿಯಾಗಿ ಉಣ್ಣಬೇಕು. ನೀವು, "ಇಡೀ ಭೂಮಿ ಸುತ್ತುವಷ್ಟು ದೂರ ಹೋಗಿದ್ದೀನಮ್ಮ, ಇನ್ನೂ ನಡೀಬೇಕಾ?" ಎಂದಿರಿ. ಅವಳು ನಗಲಿಲ್ಲ. "ಹೋಗಿದ್ದು ಬಸ್ಸು, ನೀವಲ್ಲ" ಎಂದಳು.

ಆ ಮಾತು ನಿಮಗೆ ನಾಟಿತು. ಅತ್ತಿಗೆ ನನ್ನ ಕೈ ಹಿಡಿದು, "ನಾನು ಹೇಳಿದ್ರೆ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಾರೆ. ನಿನ್ನ ಸೀಟಿಗಾದ್ರೂ ಹೊರಡ್ತಾರೆ, ನೀನೇ ಎಬ್ಬಿಸಿಕೊಂಡು ಹೋಗಮ್ಮ" ಎಂದರು. ನೀವು ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ ಹಾಗೆ ಶುರುವಾಯಿತು ಡಿಪೋ ಹಿಂದಿನ ಕಾಲುವೆ ದಂಡೆಯ ಮೇಲೆ ನಮ್ಮ ನಡಿಗೆ, ಡ್ಯೂಟಿಗೆ ಮುಂಚೆ, ದಿನಾ ಬೆಳಿಗ್ಗೆ. ಮೊದಲ ದಿನ ಮುಚ್ಚಿದ ಪೆಟ್ಟಿಗೆ ಅಂಗಡಿಯವರೆಗೆ ಹೋಗಿ ಏದುಸಿರು ಬಿಡುತ್ತಾ ಕೂತಿರಿ. ಯೂನಿಫಾರ್ಮಿನಲ್ಲಿ ನಡೆಯಲು ನಾಚಿಕೆ ನಿಮಗೆ. "ಡ್ರೈವರ್ ನಡೆದು ಹೋಗೋದು ನೋಡಿದ್ರೆ ಬಸ್ಸು ಕೆಟ್ಟಿದೆ ಅಂದ್ಕೋತಾರೆ ಕಣೆ" ಎಂದು ಟೋಪಿ ತೆಗೆದು ಜೇಬಿಗೆ ತುರುಕಿದಿರಿ. ಕೆಲವು ವಾರಗಳಲ್ಲಿ ಅಂಗಡಿ ದಾಟಿತು, ಆಮೇಲೆ ಬಟ್ಟೆ ಒಗೆಯುವ ಕಲ್ಲುಗಳು ದಾಟಿದವು, ಆಮೇಲೆ ಹಳೆಯ ಕಲ್ಲು ಸೇತುವೆಯವರೆಗೂ ಹೋಗಿ ಬರುವಂತಾಯಿತು. ಒಂದು ದಿನ ನೀವು ನಿಂತುಬಿಟ್ಟಿರಿ. ಬೇಕರಿಯ ಹಿಂಗೋಡೆಯ ತುಂಬ ಬಳ್ಳಿ ಹಬ್ಬಿ ಹೂ ಬಿಟ್ಟಿತ್ತು. ಈ ಬೇಕರಿಯ ಮುಂದೆಯೇ ಇಷ್ಟು ವರ್ಷ ಬಸ್ಸು ಓಡಿಸಿದೆ, ಇದು ಯಾವಾಗ ಬಂತು ಎಂದು ಮಗುವಿನ ಹಾಗೆ ಕೇಳಿದಿರಿ.

ಅಲ್ಲಿ ತಲೆಯ ಮೇಲೆ ಬೋರ್ಡು ಇರಲಿಲ್ಲ. ಪಕ್ಕಪಕ್ಕದಲ್ಲಿ ನಡೆಯುವಾಗ ಮುಖ ನೋಡುವ ಸಂಕೋಚವೂ ಇರಲಿಲ್ಲ. ನಾನು ನನ್ನ ಗಂಡನ ಕತೆ ಹೇಳಿದೆ. ನೀವು ನಿಮ್ಮ ಮಗಳ ಕತೆ ಹೇಳಿದಿರಿ. ನಿಮಗೆ ಮಕ್ಕಳಾಗಲಿಲ್ಲ ಎಂದೇ ನಾನು ತಿಳಿದಿದ್ದೆ. ಒಬ್ಬಳು ಇದ್ದಳು, ಶಾಲೆಗೆ ಸೇರಿಸಬೇಕೆಂದಿದ್ದ ವರ್ಷವೇ ಜ್ವರ ಬಂದು ಹೋದಳು, ನೀವು ಡ್ಯೂಟಿಯಲ್ಲಿದ್ದಿರಿ, ಮಣ್ಣು ಮಾಡಿ ಕೆಲವೇ ದಿನಕ್ಕೆ ಮತ್ತೆ ಡ್ಯೂಟಿಗೆ ಹತ್ತಿದಿರಿ. "ಸ್ಟೀರಿಂಗ್ ಹಿಡಿದವನು ಅಳೋ ಹಾಗಿಲ್ಲ ತಂಗಿ, ರಸ್ತೆ ಕಾಣಲ್ಲ" ಎಂದಿರಿ. ಆಮೇಲೆ, "ಇದ್ದಿದ್ರೆ ಆ ಡಾಕ್ಟರಮ್ಮನಷ್ಟೇ ಇರೋಳು" ಎಂದಿರಿ. ಯಾರ ಮಾತೂ ಕೇಳದ ನೀವು ಅವಳ ಮಾತು ಮೀರದೆ ನಡೆದದ್ದು ಯಾಕೆಂದು ನನಗೆ ಅವತ್ತು ತಿಳಿಯಿತು.

ಅತ್ತಿಗೆಗೆ ಮೊದಮೊದಲು ದೊಡ್ಡ ಕಷ್ಟ. ದುಡಿದು ಬಂದ ಗಂಡನಿಗೆ ಸಪ್ಪೆ ಊಟ ಹಾಕುವುದೆಂದರೆ ಶಿಕ್ಷೆ ಕೊಟ್ಟ ಹಾಗೆ ಎಂದು ಅವರ ಎಣಿಕೆ. ಕದ್ದು ಒಂದು ಚಮಚ ಎಣ್ಣೆ ಹೆಚ್ಚಿಗೆ ಹಾಕಿ ಸಿಕ್ಕಿಬಿದ್ದರು. ಕೊನೆಗೆ ಅವರೂ ಅದನ್ನೇ ಉಣ್ಣಲು ಶುರುಮಾಡಿದರು: ಸೊಪ್ಪು, ಬೇಯಿಸಿದ ತರಕಾರಿ, ಹಣ್ಣು, ಸಂಜೆ ಬೇಗ ಊಟ. ನಿಮ್ಮ ಬೆಲ್ಟಿಗೆ ಚಮ್ಮಾರ ಹೊಸ ತೂತು ಹೊಡೆದುಕೊಟ್ಟ. ಡಿಪೋ ಮೆಟ್ಟಿಲನ್ನು ನನಗಿಂತ ಮೊದಲು ಹತ್ತಿ, ಮೇಲೆ ನಿಂತು "ಎಲ್ಲಿ ಹೋದ್ರಿ ಕಂಡಕ್ಟ್ರೇ, ಬಸ್ಸು ಹೊರಟಿತು" ಎಂದು ಕೂಗಿದಿರಿ. ಡಾಕ್ಟರಮ್ಮ ಪರೀಕ್ಷೆ ಮಾಡಿ, ರಿಪೋರ್ಟು ಎರಡು ಸಲ ನೋಡಿ, ಕಡೆಗೂ ನಕ್ಕಳು. ಆ ನಗು ನೋಡಲೆಂದೇ ನೀವು ಅಷ್ಟು ನಡೆದಿದ್ದಿರಿ ಅಂತ ನನ್ನ ನಂಬಿಕೆ.

ಆಮೇಲೆ ಟಿಕೆಟಿನ ಮಷೀನು ಬಂತು. ಜನ ತಾವೇ ಕಾರ್ಡು ತೋರಿಸಿ ಹತ್ತತೊಡಗಿದರು. ಕಂಡಕ್ಟರುಗಳು ಬೇಡವಾದೆವು. ನನ್ನನ್ನು ಊರಿನ ಇನ್ನೊಂದು ತುದಿಯ ಡಿಪೋದಲ್ಲಿ ಪಾಸು ಕೊಡುವ ಕಿಟಕಿಯ ಹಿಂದೆ ಕೂರಿಸಿದರು. ನಿಮಗೆ ಒಡೆದ ಡ್ಯೂಟಿ ಹಾಕಿ ನೋಟೀಸ್ ಬೋರ್ಡಿಗೆ ಪಟ್ಟಿ ಅಂಟಿಸಿದರು: ನಸುಕಿನ ಮೊದಲ ಬಸ್ಸು, ನಡುವೆ ಬಿಡುವು, ಮತ್ತೆ ಸಂಜೆಯ ನೂಕುನುಗ್ಗಲು. ಬಿಡುವಿನಲ್ಲಿ ಮನೆಗೆ ಹೋಗಿಬರಲು ಹೊತ್ತು ಸಾಲದು. ನಡೆಯೋಣವೆಂದರೆ ನೆತ್ತಿಯ ಮೇಲೆ ಬಿಸಿಲು, ಕಣ್ಣಲ್ಲಿ ನಿದ್ದೆ. ಊಟ ಮತ್ತೆ ಕ್ಯಾಂಟೀನಿನ ಪಾಲಾಯಿತು. ನೀವು ಡಾಕ್ಟರಮ್ಮನ ಚೀಟಿ ಹಿಡಿದು ಡಿಪೋ ಸಾಹೇಬರ ಮುಂದೆ ನಿಂತಿರಿ. "ವಾಕಿಂಗಿಗೆ ಅಂತ ಡ್ಯೂಟಿ ಬದಲಾಯಿಸಬೇಕಾ? ನೀವು ಡ್ರೈವರೋ, ಓಟಗಾರರೋ?" ಎಂದು ಕೇಳಿದರಂತೆ. ನಾನೂ ರಜೆ ಹಾಕಿ ಬಂದು ಕೇಳಿದೆ. ನೋಡೋಣ ಎಂದರು. ನೋಡಲಿಲ್ಲ.

ಫೋನು ಮಾಡಿದಾಗಲೆಲ್ಲ ನಾನು, "ಅಣ್ಣಾ, ನಡೀತಿದ್ದೀರಾ?" ಎನ್ನುತ್ತಿದ್ದೆ. ನೀವು, "ನಡೀತಿದೆ ತಾಯಿ, ಹೇಗೋ ನಡೀತಿದೆ" ಎನ್ನುತ್ತಿದ್ದಿರಿ. ದನಿಯಲ್ಲಿ ಆ ಹಳೆಯ ಏದುಸಿರು ಮರಳಿ ಬಂದದ್ದು ನನಗೆ ಕೇಳಿಸುತ್ತಿತ್ತು.

ಬಿಡುವಿನ ಹೊತ್ತಿನಲ್ಲಿ, ಡಿಪೋದ ಮರದ ನೆರಳಿಗೆ ನಿಲ್ಲಿಸಿದ ಬಸ್ಸಿನಲ್ಲಿ, ನಿಮ್ಮ ಸೀಟಿನಲ್ಲೇ ಒರಗಿ ಹೋಗಿಬಿಟ್ಟಿರಿ. ಸಂಜೆಯ ಪಾಳಿಗೆ ಎಬ್ಬಿಸಲು ಬಂದ ಮೆಕ್ಯಾನಿಕ್, ನಿದ್ದೆ ಮಾಡುತ್ತಿದ್ದೀರೆಂದೇ ತಿಳಿದು ಎರಡು ಸಲ ಹಾರ್ನ್ ಒತ್ತಿದನಂತೆ. ಹೇಳುತ್ತಾ ಹೇಳುತ್ತಾ ಅವನು ನೆಲಕ್ಕೆ ಕುಸಿದು ಅತ್ತ.

ಮನೆಯ ಮುಂದೆ ಸೇರಿದ ಜನ ಆಡಿದ ಮಾತು ನೀವು ಕೇಳಬೇಕಿತ್ತು. "ಅಷ್ಟು ಪಥ್ಯ ಮಾಡಿದ, ಅಷ್ಟು ನಡೆದ, ಏನು ಬಂತು ಹೇಳಿ. ಹಣೆಯಲ್ಲಿ ಬರೆದದ್ದು ತಪ್ಪುತ್ತಾ?" ಎಂದರು. ನನಗೆ ಮೈಯೆಲ್ಲ ಉರಿಯಿತು. ನಿಮ್ಮ ಸಾವು ಹಣೆಯಲ್ಲಿ ಬರೆದದ್ದಲ್ಲ ಅಣ್ಣಾ, ಡಿಪೋದ ನೋಟೀಸ್ ಬೋರ್ಡಿಗೆ ಅಂಟಿಸಿದ್ದು. ನಡೆದದ್ದರಿಂದ ಏನು ಬಂತೆಂದು ನನಗೆ ಗೊತ್ತು. ಡಾಕ್ಟರಮ್ಮನಿಗೆ ಗೊತ್ತು. ಅವಳು ಮನೆಗೇ ಬಂದಿದ್ದಳು. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದು ಅತ್ತಿಗೆಯ ಪಕ್ಕ ನೆಲದ ಮೇಲೆ ಕೂತಳು.

ತಿಂಗಳ ಮೇಲೆ ಯೂನಿಯನ್ನಿನವರು ಸಾಹೇಬರ ಜೊತೆ ಸಭೆ ಕರೆದರು. ನಾನು ಅತ್ತಿಗೆಯನ್ನು ಕರೆದುಕೊಂಡು ಹೋದೆ. ಗಂಡಸರಿರುವ ಕೋಣೆಯಲ್ಲಿ ಬಾಯಿ ಬಿಡದ ನಿಮ್ಮ ಹೆಂಡತಿ ಎದ್ದು ನಿಂತರು. "ನನಗೆ ಕಾನೂನು ಗೊತ್ತಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದೇ ಒಂದು ವರ್ಷ ನನ್ನ ಗಂಡ ಹೊತ್ತಿಗೆ ಸರಿಯಾಗಿ ಮನೆಗೆ ಬಂದು ನನ್ನ ಎದುರಿಗೆ ಕೂತು ಉಂಡ್ರು. ಆ ವರ್ಷ ಅವರು ಚೆನ್ನಾಗಿದ್ರು. ಅದನ್ನ ಯಾಕೆ ಕಿತ್ಕೊಂಡ್ರಿ ಅಂತ ಹೇಳಿ, ಹೋಗ್ತೀನಿ" ಎಂದರು. ಸಾಹೇಬರು ಮುಂದಿದ್ದ ಫೈಲು ಮುಚ್ಚಿದರು. ಹೃದಯದ ಕಾಯಿಲೆ ಇರುವ ಡ್ರೈವರುಗಳಿಗೆ ಒಡೆದ ಡ್ಯೂಟಿ ಹಾಕಬಾರದೆಂದು ಹೋದ ವಾರ ಆದೇಶ ಬಂತು. ಕೊನೆಯ ಸ್ಟಾಪಿನ ತಗಡಿನ ಬಾಗಿಲ ಬೀಗ ಇನ್ನೂ ಹಾಗೇ ಇದೆ.

ಈಗ ದಿನವಿಡೀ ಕೂರುವ ಸರದಿ ನನ್ನದು. ಸಂಜೆಗೆ ಪಾದ ಊದಿಕೊಳ್ಳುತ್ತದೆ, ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದಿದೆಯಂತೆ. ನಡಿ ಎಂದಳು ಡಾಕ್ಟರಮ್ಮ. ಆ ಕಾಲುವೆ ದಂಡೆಯ ಮೇಲೆ ಒಬ್ಬಳೇ ಕಾಲಿಡಲು ನನ್ನಿಂದಾಗಲಿಲ್ಲ. ಅತ್ತಿಗೆಯನ್ನು ಕರೆದೆ. ನೀವು ಹೋದಾಗಿನಿಂದ ಅವರು ಒಲೆ ಹಚ್ಚುವುದನ್ನೇ ಮರೆತವರಂತೆ ಇದ್ದರು. ಅಕ್ಕಪಕ್ಕದವರು ತಂದಿಟ್ಟದ್ದು ಸಂಜೆಯವರೆಗೂ ಮುಚ್ಚಿದಂತೆಯೇ ಇರುತ್ತಿತ್ತು. ಮುಖ ಇಷ್ಟೇ ಇಷ್ಟಾಗಿತ್ತು. ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ. ಬಂದರು.

ನಿನ್ನೆ ಬೆಳಿಗ್ಗೆ ಹೋದೆವು. ಮಂಜು ಇತ್ತು. ಅತ್ತಿಗೆ ತಲೆ ತಗ್ಗಿಸಿ, ನನಗಾಗಿ ಕಾಯದೆ, ಬಿರಬಿರನೆ ನಡೆದರು. ಎಲ್ಲಿಯೂ ನಿಲ್ಲಲಿಲ್ಲ, ಏನೂ ಕೇಳಲಿಲ್ಲ. ಕಲ್ಲು ಸೇತುವೆ ಮುಟ್ಟುವ ಹೊತ್ತಿಗೆ ಕೆನ್ನೆ ಕೆಂಪಾಗಿ, ಹಣೆಯ ಮೇಲೆ ಬೆವರು ಮೂಡಿತ್ತು. ಕಟ್ಟೆ ಹಿಡಿದು ನಿಂತು, ಉಸಿರು ಹದಕ್ಕೆ ಬಂದ ಮೇಲೆ, ನಿಮಗೇನೋ ದ್ರೋಹ ಮಾಡಿದವರ ಹಾಗೆ ನನ್ನ ಮುಖ ನೋಡದೆ ಹೇಳಿದರು: "ನಂಗೆ ಹಸಿವಾಗ್ತಿದೆ ಕಣೆ."

ಸೇತುವೆಯ ತುದಿಯಲ್ಲಿ ಹಣ್ಣಿನವಳು ಆಗತಾನೇ ಬುಟ್ಟಿ ಇಳಿಸುತ್ತಿದ್ದಳು. ಬಾಳೆಹಣ್ಣು ಕೊಂಡು ಅಲ್ಲೇ ನಿಂತು ತಿಂದೆವು. ಅತ್ತಿಗೆ ಅಳುತ್ತಲೇ ಒಂದು ಮುಗಿಸಿ, ಇನ್ನೊಂದಕ್ಕೆ ಕೈ ಚಾಚಿದರು. ನಾನು ಸುಲಿದು ಕೊಟ್ಟೆ.

ಅವರ ಚಿಂತೆ ಬಿಡಿ ಅಣ್ಣಾ, ನಾನಿದ್ದೇನೆ. ನಾಳೆಯೂ ಕರೆದುಕೊಂಡು ಹೋಗುತ್ತೇನೆ. ನೀವಿರುವಲ್ಲಿ ನಿಮ್ಮ ಮಗಳು ಸಿಕ್ಕಿದ್ದರೆ, ಅವಳ ಕೈ ಹಿಡಿದುಕೊಂಡು ನಿಧಾನವಾಗಿ ನಡೆಯಿರಿ. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿಮ್ಮ ಬೆನ್ನ ಹಿಂದೆಯೇ ಇದ್ದ,
ತಂಗಿ