ಮಧ್ಯಾಹ್ನದ ಗಂಜಿ

ಸಿಂಗಾಪುರ, ಬೆಂಗಳೂರು
23 ಮಾರ್ಚ್ 2026

ಪ್ರೀತಿಯ ತಂಗಿ ಲೂರ್ದುಗೆ,

ಯೇಸುವಿನ ಕೃಪೆ ನಿನ್ನ ಮನೆಯವರೆಲ್ಲರ ಮೇಲಿರಲಿ. ಅವ್ವನ ವರ್ಷದ ಪೂಜೆಯ ಹೊತ್ತಿಗೇ ಬರೆಯಬೇಕಿದ್ದ ಕಾಗದವನ್ನು ಈಗ ಬರೆಯುತ್ತಿದ್ದೇನೆ, ಬೈಯಬೇಡ. ನೀನಂತೂ ನನ್ನ ಫೋನ್ ಎತ್ತುವುದಿಲ್ಲ. ಕಾಗದವಾದರೆ ಒಡೆಯದೆ ಇರಲಾರೆ, ಚಿಕ್ಕಂದಿನಿಂದ ನಿನ್ನ ಕುತೂಹಲ ನನಗೆ ಗೊತ್ತಿಲ್ಲವೇ? ಒಂದೇ ಬೇಡಿಕೆ: ಯೇಸು ಮರಳಿ ಎದ್ದ ಈ ಪಾಸ್ಖ ಹಬ್ಬಕ್ಕೆ ನೀನು ಬರಬೇಕು.

ಇಲ್ಲಿ ನಾನು ಕ್ಷೇಮ. ಪಕ್ಕದ ಮನೆಯ ಕುಬ್ರಾ ಆಪಾ ಮಾತ್ರ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಾರೆ. ಮಗಳು ರೆಹಾನಾ ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೋದರೆ ಬರುವುದು ಸಂಜೆಗೆ. ಪಾಸ್ಖಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲಕ್ಕೆಂದು ನಾನು ಮಧ್ಯಾಹ್ನದ ಊಟ ಬಿಟ್ಟಿದ್ದೆ. ಬಿಟ್ಟ ಊಟ ಆಪಾನ ಹೊಟ್ಟೆ ಸೇರಲಿ ಎಂದು ತಪಸ್ಸುಕಾಲ ಶುರುವಾದ ಬೂದಿ ಬುಧವಾರದ ಮರುದಿನದಿಂದಲೇ ಬಿಸಿ ಗಂಜಿ, ಉಪ್ಪಿನಕಾಯಿ ಒಯ್ಯತೊಡಗಿದೆ. ರಂಜಾನ್ ಎಂದು ಗೊತ್ತಿತ್ತು. ಆದರೆ ಡಾಕ್ಟರು ಅವರಿಗೆ ಈ ವರ್ಷ ಉಪವಾಸ ಕೂಡದು ಎಂದಿದ್ದರು. ಆಪಾ ದಿನವೂ "ಇಡಮ್ಮಾ, ಆಮೇಲೆ ತಿಂತೀನಿ" ಎನ್ನುವರು. ನಾನು ಅವರ ತಲೆ ಬಾಚಿ, ಹಾಸಿಗೆ ಕೊಡವಿ, ಪುಣ್ಯದ ಮೂಟೆ ಹೊತ್ತವಳಂತೆ ಬೀಗುತ್ತ ಮನೆಗೆ ಬರುತ್ತಿದ್ದೆ.

ಹತ್ತನೇ ದಿನ ರೆಹಾನಾ ಗೇಟಿನ ಬಳಿ ನಿಲ್ಲಿಸಿದಳು. "ಆಂಟಿ, ಅಮ್ಮಿ ಯಾರ ಮಾತೂ ಕೇಳ್ದೆ ರೋಜಾ ಇದಾರೆ. ನಿಮ್ ಗಂಜೀನ ಸಂಜೆವರ್ಗೂ ಮುಚ್ಚಿಟ್ಕೊಂಡು, ಅದ್ರಲ್ಲೇ ರೋಜಾ ಬಿಡ್ತಾರೆ. ನಿಮಗೆ ಹೇಳ್ಬೇಡ ಅಂದಿದ್ರು."

ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಉಪವಾಸ ಇದ್ದವರ ಮೂಗಿನ ಮುಂದೆ ಹತ್ತು ದಿನ ಬಿಸಿ ಗಂಜಿ ಹಿಡಿದಿದ್ದೆ. ಓಡಿಹೋಗಿ ಕೇಳಿದರೆ ಆಪಾ ನಗುತ್ತಾರೆ. "ಬೇಡ ಅಂದಿದ್ರೆ ನಾಳೆ ನೀನು ಬರ್ತಿದ್ಯಾ? ಗಂಜಿ ಸಂಜೆಗಾದ್ರೂ ಆಗುತ್ತೆ. ಮಧ್ಯಾಹ್ನ ಮಾತಾಡೋಕೆ ಯಾರಿದಾರೆ ಕಣೇ ನಂಗೆ?"

ಅಂದಿನಿಂದ ಮಧ್ಯಾಹ್ನ ಬರಿಗೈಯಲ್ಲಿ ಹೋಗುತ್ತಿದ್ದೆ, ಸಂಜೆ ಗಂಜಿ ಹಿಡಿದು. ಅಜಾನ್ ಕೇಳಿಸುವವರೆಗೆ ಇಬ್ಬರು ಹಸಿದ ಮುದುಕಿಯರು ಗಡಿಯಾರ ನೋಡುತ್ತ ಕೂರುವುದು, ಆಮೇಲೆ ಒಟ್ಟಿಗೆ ಉಣ್ಣುವುದು. ಅಷ್ಟು ರುಚಿಯಾದ ಗಂಜಿ ನಾನು ಉಂಡೇ ಇರಲಿಲ್ಲ. ಮೊನ್ನೆ ಈದ್‌ಗೆ ಅವರು ಶೀರ್ ಖುರ್ಮಾ ಕಳಿಸಿದರು. ತಪಸ್ಸುಕಾಲಕ್ಕೆ ಸಿಹಿಯನ್ನೂ ಬಿಟ್ಟಿದ್ದೆ, ಆದರೂ ಎರಡು ಲೋಟ ಕುಡಿದೆ. ಪಾಪನಿವೇದನೆಯಲ್ಲಿ ಹೇಳಿಕೊಂಡರೆ ಫಾದರ್, "ಕುಡಿದದ್ದು ಪಾಪ ಅಲ್ಲಮ್ಮ, ನಂಗೊಂದು ಲೋಟ ತರ್ದೇ ಇದ್ದದ್ದು ಪಾಪ" ಎಂದರು.

ಹೀಗೆ ನೆಮ್ಮದಿಯಾಗಿದ್ದೇನೆ ಲೂರ್ದು, ಒಂದು ವಿಷಯ ಬಿಟ್ಟು. ನಿನ್ನ ಮಕ್ಕಳನ್ನು ಮಾತೆ ಮರಿಯಮ್ಮ ಕಾಯಲಿ. ಹಬ್ಬಕ್ಕೆ ಬಾ.

ನಿನ್ನ ಅಕ್ಕ,
ಫಿಲೋಮಿನಾ

ವಿ.ಸೂ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಹೋದ ವರ್ಷ ಕಾಯಿಲೆ ಬಿದ್ದ ಅವ್ವ ನನ್ನ ಕೈಯ ಗಂಜಿ ಕೇಳುತ್ತಿದ್ದಾಳೆ ಎಂದು ನೀನು ಫೋನ್ ಮಾಡಿದಾಗ, ಚರ್ಚಿನ ವಾರ್ಷಿಕ ಹಬ್ಬದ ಅಡುಗೆ ನನ್ನ ತಲೆಯ ಮೇಲಿದೆ, ಭಾನುವಾರ ಮುಗಿಸಿಕೊಂಡು ಬರುತ್ತೇನೆ ಎಂದಿದ್ದೆ. ಅವ್ವ ಶನಿವಾರವೇ ಹೋದಳು. ಕಾಯಿಲೆಯ ಸುದ್ದಿಯೇ ತಿಳಿದಿರಲಿಲ್ಲ ಎಂದು ನಾನು ಬಂಧುಗಳ ಮುಂದೆ ಸುಳ್ಳು ಹೇಳಿದೆ. ನೀನು ನನ್ನ ಮಾನ ಉಳಿಸಲು ಬಾಯಿ ಬಿಡಲಿಲ್ಲ. ಆಮೇಲೆ ನನ್ನೊಂದಿಗೂ ಬಾಯಿ ಬಿಡಲಿಲ್ಲ. ತಪ್ಪು ನನ್ನದು, ಕ್ಷಮಿಸು. ಹಬ್ಬಕ್ಕೆ ಬಾ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಈ ಸಲ ಚರ್ಚಿನ ಪಾಸ್ಖದ ಅಡುಗೆಯನ್ನು ಬೇರೆಯವರಿಗೆ ಒಪ್ಪಿಸಿದ್ದೇನೆ. ಹಬ್ಬದ ಹಿಂದಿನ ಶನಿವಾರವೇ ನಿನ್ನ ಮನೆಗೆ ಹೊರಟು ಬರುತ್ತೇನೆ. ನೀನು ಒಲೆ ಹಚ್ಚಬೇಡ, ಗಂಜಿ ನಾನೇ ಮಾಡುತ್ತೇನೆ.