ಹುಡುಕಿ ಸಿಗದ ಅಂಗಿ

ಸೊಸೆಗೆ ಮಾವನ ಆಶೀರ್ವಾದ.

ಬಲಗೈ ಇನ್ನೂ ಮಾತು ಕೇಳುತ್ತಿಲ್ಲ. ಎಡಗೈ ಬರಹ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೋ.

ಅಂಗಡಿಯಲ್ಲಿ ನಾನು ಮಾರಿದ ಬಟ್ಟೆಯನ್ನಷ್ಟೇ ಲೆಕ್ಕ ಹಾಕಿದವನು. ನೀನೋ, ನಮ್ಮ ವೆಬ್‌ಸೈಟಿನಲ್ಲಿ ಜನ ಏನನ್ನು ಹುಡುಕಿ, ಸಿಗದೆ ವಾಪಸು ಹೋದರೆಂದು ದಿನವೂ ನೋಡುತ್ತೀಯ. “ಬರಿಗೈಲಿ ಹೋದ್ರೂ, ಬೇಕಾದ್ದನ್ನ ಹೇಳೇ ಹೋಗಿರ್ತಾರೆ ಮಾವ” ಅಂದಿದ್ದೆ ನೀನು. ಭಲೇ!

‘ಒಂದೇ ಕೈಯಲ್ಲಿ ಗುಂಡಿ ಹಾಕುವ ಅಂಗಿ’ ಎಂದು ಯಾವುದೋ ಗಿರಾಕಿ ಹುಡುಕಿದ್ದನ್ನು ಕಂಡು, ಗುಂಡಿಯ ಹಿಂದೆ ಅಯಸ್ಕಾಂತವಿಟ್ಟು ಹೊಲಿದೆಯಲ್ಲ, ಎಂಥ ತಲೆ ನಿನ್ನದು! ಹುಡುಕಿದ್ದು ಯಾರೆಂದು ನೀನು ವಿಚಾರಿಸಲಿಲ್ಲ. ಮೊದಲ ಅಂಗಿಯನ್ನು ನನ್ನ ಮಂಚದ ಮೇಲಿಟ್ಟು, “ಸುಮ್ನೆ ಹಾಕ್ಕೊಂಡ್ ನೋಡಿ ಮಾವ” ಅಂದೆ, ಅಷ್ಟೇ.

ಅಳತೆ ಸರಿಯಾಗಿದೆ. ಇವತ್ತು ಯಾರನ್ನೂ ಕರೆಯದೆ ನಾನೇ ಹಾಕಿಕೊಂಡೆ. ನೀಲಿಯದೂ ಒಂದು ಹೊಲಿದುಕೊಡು.

ಇಂತಿ,
ನಿನ್ನ ಆ ಗಿರಾಕಿ